ನಾಲ್ಕನೇ ಹಂತದ ಬಾಗಿಲು

ತಪ್ಪು ಮಾಡುವುದು ನನ್ನ ಉದ್ಯೋಗ. ಆ್ಯಪ್ ನನ್ನ ಹೆಸರು ಕೇಳಿದರೆ ಫೋನ್ ನಂಬರ್ ಕೊಡುತ್ತೇನೆ, ನಂಬರ್ ಕೇಳಿದರೆ ಹೆಸರು. ಹುಟ್ಟಿದ ದಿನ ಕೇಳಿದರೆ ಮುಂದಿನ ವರ್ಷದ ತಾರೀಖು ಹಾಕುತ್ತೇನೆ. 'ಸಲ್ಲಿಸಿ' ಎಂಬ ಗುಂಡಿಯನ್ನು ಹದಿನೇಳು ಸಲ ಒತ್ತುತ್ತೇನೆ. ಹೀಗೆಲ್ಲ ಮಾಡಿದಾಗ ಎಲ್ಲಿ ಕೆಡುತ್ತದೆ ಎಂದು ಬರೆದು ಕಳಿಸಿದರೆ ಸಂಬಳ ಬರುತ್ತದೆ. ಮಣಿಪಾಲದ ಈಶ್ವರನಗರದಲ್ಲಿ, ಮೂರನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ ಎರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕೆಲಸ ಕೊಡುವವರನ್ನು ನಾನು ನೋಡಿಲ್ಲ. ಅವರೂ ನನ್ನನ್ನು ನೋಡಿಲ್ಲ. ಕೆಲವು ದಿನ ಸಂಜೆ ಹಾಲಿನ ಅಂಗಡಿಯಲ್ಲಿ 'ಅರ್ಧ ಲೀಟರ್' ಎನ್ನಲು ಹೋದರೆ ಸ್ವರ ಹೊರಡುವುದಿಲ್ಲ, ಯಾಕೆಂದರೆ ಅದು ಆ ದಿನದ ಮೊದಲ ಮಾತು.

ಸೋಮವಾರ ಸುಕೇಶ ಫೋನ್ ಮಾಡಿದ. ಸುಕೇಶ ನನ್ನ ಕಾಲೇಜಿನ ಗೆಳೆಯ, ಕಾರ್ಕಳದವನು. ನಾಲ್ಕು ವರ್ಷದಿಂದ ಒಬ್ಬನೇ ಕೂತು ಒಂದು ವಿಡಿಯೋ ಗೇಮ್ ಮಾಡುತ್ತಿದ್ದಾನೆ. ಅದರ ಹೆಸರು 'ಕೋರೆ'. ಕೆಲಸ ನಿಂತುಹೋದ ಒಂದು ಕಲ್ಲುಕೋರೆ, ಅದರೊಳಗೆ ಕೋವಿ ಹಿಡಿದು ಇಳಿಯುವ ನೀವು, ಕತ್ತಲೆಯಲ್ಲಿ ಕುಲೆಗಳು. ಸತ್ತವರನ್ನು ನಮ್ಮ ಕಡೆ ಕುಲೆ ಎನ್ನುತ್ತಾರೆ. ಆಟಗಾರನ ಕಣ್ಣೇ ಕ್ಯಾಮೆರಾ. ಪರದೆಯ ಮೇಲೆ ನಿಮ್ಮ ಎರಡು ಕೈ, ಕೋವಿಯ ನಳಿಗೆ, ಅದರಾಚೆ ಟಾರ್ಚಿನ ಬೆಳಕು ಹೋದಷ್ಟು ದೂರ ಬಂಡೆ.

"ಶನಿವಾರ ಲಿಯೋನೆಲ್ ಸರ್ ತೀರ್ಮಾನ ಹೇಳುತ್ತಾರೆ" ಎಂದ ಸುಕೇಶ. "ಅವರಿಗೆ ನಿನ್ನ ಒಂದು ರಿಪೋರ್ಟ್ ಬೇಕು. ಗುಣ ಎಂತ, ಕೊರತೆ ಎಂತ, ಎಲ್ಲ."

ಲಿಯೋನೆಲ್ ಶಿರ್ವದವರು. ಮಣಿಪಾಲದಲ್ಲಿ ಅವರದ್ದೊಂದು ಸಣ್ಣ ಕಂಪೆನಿ ಉಂಟು. ಹೊಸಬರ ಆಟಗಳನ್ನು ಆರಿಸಿ, ತಿದ್ದಿಸಿ, ಹೊರಗಿನ ಮಾರುಕಟ್ಟೆಗೆ ಕಳಿಸುವುದು ಅವರ ವ್ಯವಹಾರ.

"ಗೆಳತಿ ಬರೆದ ರಿಪೋರ್ಟ್ ಅವರಿಗೆ ಯಾಕೆ ಮಾರಾಯ?"

"ಗೆಳತಿ ಎಂದು ನಾನು ಹೇಳಲಿಲ್ಲ. ಟೆಸ್ಟರ್ ಎಂದೆ. ಸುಳ್ಳಲ್ಲ ಅಲ್ವಾ?"

"ಅವರು ಬೇಡ ಎಂದರೆ?"

"ಬೇಡ ಎಂದರೆ ದೋಹಾ. ಬಾವ ವೀಸಾ ಕಳಿಸಿ ಆಗಿದೆ. ಟೈಲ್ಸ್ ಗೋಡೌನಿನಲ್ಲಿ ಸ್ಟೋರ್ ಕೀಪರ್. ಅಲ್ಲಿಯೂ ಕಲ್ಲೇ ನೋಡು."

ಸುಕೇಶ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾನೆ. ಅವನು ದೋಹಾಕ್ಕೆ ಹೋದರೆ ನನ್ನ ಫೋನಿಗೆ ಬರುವುದು ಒಟಿಪಿ ಮಾತ್ರ. ಇದನ್ನು ಬರೆಯಲು ರಿಪೋರ್ಟಿನಲ್ಲಿ ಕಾಲಂ ಇಲ್ಲ.

ಮಂಗಳವಾರ ಮಧ್ಯಾಹ್ನ ಕಿಟಕಿಗೆ ಹೊದಿಕೆ ಕಟ್ಟಿ, ಹೆಡ್‌ಫೋನ್ ಹಾಕಿ ಕೂತೆ. ಹೊದಿಕೆಯ ಅಂಚಿನಿಂದ ಬಿಸಿಲು ಗೆರೆಯಾಗಿ ಕಾಲಿನ ಮೇಲೆ ಬೀಳುತ್ತಿತ್ತು. ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೋರೆಯ ತಳದವರೆಗೂ ಕೇಳಿತು. ಭಯಪಡಲು ಒಳ್ಳೆಯ ಹೊತ್ತಲ್ಲ. ಆದರೂ ಎರಡನೇ ಹಂತದಲ್ಲಿ ನಾನು ಕುರ್ಚಿಯಿಂದ ಎದ್ದು ಕೋಣೆಯ ಚಿಲಕ ಹಾಕಿ ಬಂದೆ.

ಆಟದ ದೊಡ್ಡ ಗುಣ ಅದರ ಕೋವಿ. ಬೇರೆ ಆಟಗಳಲ್ಲಿ ಗುಂಡಿನ ಮಳೆ ಸುರಿಸಬಹುದು. ಇಲ್ಲಿ ಒಂಟಿ ನಳಿಗೆ, ಮೂರೇ ತೋಟಾ. ತುಂಬಿಸಲು ನಾಲ್ಕು ಸೆಕೆಂಡ್ ಬೇಕು, ಆ ನಾಲ್ಕು ಸೆಕೆಂಡ್ ನೀವು ನಿಮ್ಮ ಕೈಯನ್ನೇ ನೋಡುತ್ತಿರಬೇಕು. ತಲೆ ಎತ್ತುವಾಗ ಎದುರಿಗೆ ಏನಿರುತ್ತದೆ ಎನ್ನುವುದು ಆಮೇಲಿನ ಮಾತು. ಸದ್ದು ಇನ್ನೊಂದು ಗುಣ. ಕೋರೆಯ ತಳದಲ್ಲಿ ನಿಂತ ನೀರಿಗೆ ಮೇಲಿನಿಂದ ಹನಿ ಬೀಳುತ್ತದೆ, ಒಂದು ಹನಿಗೂ ಇನ್ನೊಂದಕ್ಕೂ ನಡುವಿನ ಅಂತರ ಸಮನಾಗಿಲ್ಲ, ಕಿವಿ ಮುಂದಿನ ಹನಿಗೆ ಕಾಯುತ್ತಲೇ ಇರುತ್ತದೆ. ಕೊರತೆಗಳೂ ಇದ್ದವು. ಕುಲೆಗಳ ಪಾದ ಬಂಡೆಯೊಳಗೆ ಹೂತುಹೋಗುತ್ತಿತ್ತು. ಗೋಡೆಗೆ ಒರಗಿ ನಿಂತರೆ ಗುಂಡು ಗೋಡೆಯ ಆಚೆಗೆ ದಾಟುತ್ತಿತ್ತು. ಮೊದಲನೇ ಹಂತದಲ್ಲಿ ನಡೆಯುವುದೇ ಇಪ್ಪತ್ತು ನಿಮಿಷ. ಮೂರನೇ ಹಂತದ ಮೆಟ್ಟಿಲು ಹತ್ತುವಾಗ ಸತ್ತರೆ ಮತ್ತೆ ಮೊದಲಿನಿಂದ ಬರಬೇಕು, ಇದು ಭಯವಲ್ಲ, ಬರೀ ಸುಸ್ತು. ಕಲ್ಲಿನ ಧೂಳಿಗೆ ಆಟಗಾರ ಕೆಮ್ಮಲೆಂದೋ ಏನೋ, ಸುಕೇಶ 'ಸಿ' ಎಂಬ ಕೀಗೆ ಒಂದು ಕೆಮ್ಮು ಇಟ್ಟಿದ್ದ. ಇದರ ಉಪಯೋಗ ಗೊತ್ತಾಗಲಿಲ್ಲ, ತೆಗೆಯಬಹುದು ಎಂದು ಬರೆದೆ.

ನಾಲ್ಕು ಸಲ ಪೂರ್ತಿ ಆಡಿ ಬುಧವಾರ ಬೆಳಿಗ್ಗೆ ರಿಪೋರ್ಟ್ ಕಳಿಸಿದೆ. ಮಧ್ಯಾಹ್ನ ಲಿಯೋನೆಲ್ ತಮ್ಮ ಆಫೀಸಿಗೆ ಬರಹೇಳಿದರು. ನಡೆದು ಹತ್ತು ನಿಮಿಷದ ದಾರಿ. ದಪ್ಪ ಮೀಸೆಯ ನಗುಮುಖದ ಮನುಷ್ಯ, ಎದುರಿಗೆ ನೇಂದ್ರ ಬಾಳೆಯ ಚಿಪ್ಸ್.

"ಚೈತಾಲಿ ಅಲ್ವಾ? ಕೂತುಕೊಳ್ಳಿ. ನೀವು ಈ ಗೇಮ್ ಆಡಿದ್ದೀರಾ?"

"ನಾಲ್ಕು ಸಲ ಸರ್."

"ನಾಲ್ಕನೇ ಹಂತ?"

"ನಾಲ್ಕು ಸಲವೂ."

ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಮೇಲೆ ನನ್ನ ಸಾಲು: 'ನಾಲ್ಕನೇ ಹಂತ. ಶತ್ರುಗಳಿಲ್ಲ. ಆಟಗಾರನಿಗೆ ಸ್ವಲ್ಪ ವಿಶ್ರಾಂತಿ. ಇಡೀ ಆಟದಲ್ಲಿ ನನಗೆ ತುಂಬ ಇಷ್ಟವಾದ ಜಾಗ.' ಕೆಳಗೆ ಅವರ ಪುಣೆಯ ಟೆಸ್ಟರೊಬ್ಬನ ಸಾಲು: 'ನಾಲ್ಕನೇ ಹಂತ. ಬಾಗಿಲು ತೆರೆದ ತಕ್ಷಣ ಐದು ಶತ್ರುಗಳು. ಗುಂಡು ತಾಗುವುದಿಲ್ಲ. ಓಡಲು ಜಾಗವಿಲ್ಲ. ಹನ್ನೊಂದು ಸಲ ಸತ್ತೆ.'

"ಇಂಥವರು ಆರು ಜನ" ಎಂದರು ಲಿಯೋನೆಲ್. "ಒಬ್ಬನಂತೂ ಪಾಪ, ಕೀಬೋರ್ಡ್ ಹಾಳಾಗಿದೆಯೆಂದು ಹೊಸತು ತಂದನಂತೆ. ಅಂಥ ಜಾಗದಲ್ಲಿ ನೀವೊಬ್ಬರೇ ವಿಶ್ರಾಂತಿ ತೆಗೆದುಕೊಂಡು ಬಂದದ್ದು. ಎಂತ, ಒಳಗೆ ಚಹಾ ಕೊಟ್ಟರಾ?"

"ನಾನು ಸುಳ್ಳು ಬರೆಯುವುದಿಲ್ಲ ಸರ್."

"ಗೆಳೆಯನಿಗಾಗಿ ನಾನಾದರೂ ಬರೆದೇನು. ನೀವು ಒಂದೇ ಕಾಲೇಜು ಅಂತ ನನಗೆ ಗೊತ್ತುಂಟು. ಆದರೆ ಆಡದೆ ಬರೆಯಬಾರದಮ್ಮ." ಬೈಯುವ ಸ್ವರವಾಗಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. "ಶನಿವಾರದ ಒಳಗೆ ಆ ಹಂತ ಸರಿಯಾಗಬೇಕು, ಇಲ್ಲವೇ ಅವನು ಅದನ್ನು ತೆಗೆಯಬೇಕು. ಎರಡೂ ಆಗದಿದ್ದರೆ ನಾನು ಬೇರೆ ಗೇಮ್ ನೋಡುತ್ತೇನೆ."

ಕೋಣೆಗೆ ಬಂದು ನನ್ನ ಆಟದ ರೆಕಾರ್ಡಿಂಗ್ ತೆರೆದೆ. ಆಡುವಾಗ ಪರದೆಯ ಜೊತೆಗೆ ಒತ್ತಿದ ಕೀಗಳೂ ದಾಖಲಾಗುತ್ತವೆ. ನಾಲ್ಕನೇ ಹಂತ. ಕೋರೆಯ ಅಂಚಿನಲ್ಲೊಂದು ಹಂಚಿನ ಮನೆ, ಅದರ ಒಳಕೋಣೆಗೆ ಎಳೆದುಕೊಂಡ ಬಾಗಿಲು. ಬಾಗಿಲ ಸಂದಿನಿಂದ ದೀಪದ ಬೆಳಕು, ಕೋಳಿ ಸಾರಿನ ಹಬೆ. ನಾನು ಬಾಗಿಲ ಎದುರು ನಿಂತೆ. ಸಿ. ನಿಂತೇ ಇದ್ದೆ, ಐದಾರು ಸೆಕೆಂಡ್. ಆಮೇಲೆ ತೆರೆದೆ. ಒಳಗೆ ಐದು ಬಾಳೆಲೆ, ಅರ್ಧ ಉಂಡ ಅನ್ನ, ಯಾರೂ ಇಲ್ಲ. ಆಚೆ ಬದಿಯ ಬಾಗಿಲಿನಿಂದ ಮುಂದಿನ ಹಂತಕ್ಕೆ ಹೋದೆ. ಎರಡನೇ ಸಲದ ಆಟ ನೋಡಿದೆ: ಸಿ, ನಿಲ್ಲು, ತೆರೆ. ಮೂರನೇ ಸಲ, ನಾಲ್ಕನೇ ಸಲವೂ ಅದೇ. ತೆಗೆಯಬಹುದು ಎಂದು ಬರೆದ ಕೀಯನ್ನು ನಾಲ್ಕು ಸಲ ನಾನೇ ಒತ್ತಿದ್ದೆ. ಒತ್ತಿದ ನೆನಪೇ ಇರಲಿಲ್ಲ.

ನೆನಪಿದ್ದದ್ದು ಬೇರೆ. ಇನ್ನಂಜೆಯ ನಮ್ಮ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವುದುಂಟು. ಒಳಕೋಣೆಯಲ್ಲಿ ಸತ್ತವರ ಹೆಸರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟದ್ದೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಮಾತಿಲ್ಲದೆ ನಿಲ್ಲಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯುವುದು. ತೆರೆಯುವ ಮೊದಲು ಕೆಲವು ಮನೆಗಳಲ್ಲಿ ಬಾಗಿಲು ತಟ್ಟುತ್ತಾರೆ, ನಮ್ಮಲ್ಲಿ ಕೆಮ್ಮುತ್ತಾರೆ. ಆರು ವರ್ಷದವಳಿದ್ದಾಗ ನಾನು ಹಸಿವೆ ತಾಳಲಾರದೆ ಬಾಗಿಲಿಗೆ ಕೈ ಹಾಕಿದ್ದೆ. ದೊಡ್ಡಮ್ಮ ಗುಣವತಿ ನನ್ನ ಹೆಗಲು ಹಿಡಿದು ಹಿಂದಕ್ಕೆಳೆದು, "ಕೆಮ್ಮು ಮೊದಲು. ಎದ್ದು ಹೋಗಲಿಕ್ಕೆ ಅವರಿಗೆ ಹೊತ್ತು ಬೇಡವಾ? ಉಣ್ಣುವವರ ಎದುರು ಹಾಗೆ ನುಗ್ಗುವುದಾ?" ಎಂದಿದ್ದರು.

ಸುಕೇಶನಿಗೆ ಫೋನ್ ಮಾಡಿದೆ.

"ನಾಲ್ಕನೇ ಹಂತದಲ್ಲಿ ಶತ್ರು ಉಂಟಾ?"

"ಉಂಟು. ಐದು. ಕೆಮ್ಮದೆ ಹೋದರೆ."

"ಕೆಮ್ಮಬೇಕು ಎಂದು ಎಲ್ಲಿ ಬರೆದಿದ್ದೀ?"

"ಬರೆಯುವುದು ಎಂತದು? ಕೆಮ್ಮದೆ ಯಾರು ಹೋಗುತ್ತಾರೆ?" ಎಂದವನಿಗೆ ತಾನೇ ಹೊಳೆಯಿತು. "ಅಯ್ಯೋ ದೇವರೇ. ಪುಣೆ."

"ಆರು ಜನ. ಒಬ್ಬ ಹೊಸ ಕೀಬೋರ್ಡ್ ತಂದಿದ್ದಾನೆ."

"ನೀನಾದರೂ ನೋಡಬೇಕಿತ್ತು ಚೈತಾ. ತಪ್ಪು ಮಾಡಿ ನೋಡುವುದೇ ನಿನ್ನ ಕೆಲಸ ಅಲ್ವಾ?"

ಹೌದು. ಹದಿನೇಳು ಸಲ ಗುಂಡಿ ಒತ್ತುವವಳಿಗೆ ಈ ಒಂದು ತಪ್ಪು ಮಾಡಲು ತೋಚಿರಲಿಲ್ಲ.

ಫೋನಿಟ್ಟು ಮತ್ತೆ ಆ ಬಾಗಿಲಿಗೆ ಹೋದೆ. ಕೆಮ್ಮದೆ ತೆರೆಯಬೇಕು, ಅಷ್ಟೆ. ಬೆರಳು ಎರಡು ಸಲ ತಾನಾಗಿ 'ಸಿ'ಯ ಕಡೆ ಹೋಯಿತು. ಮೂರನೇ ಸಲ ಎಡಗೈಯನ್ನು ತೊಡೆಯ ಕೆಳಗಿಟ್ಟು ಕೂತು ಬಲಗೈಯಿಂದ ತೆರೆದೆ.

ಅವರು ಉಣ್ಣುತ್ತಿದ್ದರು. ಐವರೂ ನನ್ನ ಕಡೆ ತಿರುಗಿದರು. ಒಬ್ಬ ಮುದುಕನ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತ್ತು, ಬೆರಳ ಸಂದಿನಿಂದ ಸಾರು ಎಲೆಗೆ ಬಿತ್ತು. ಸುಕೇಶ ಇಡೀ ಆಟದಲ್ಲಿ ಯಾವ ಮುಖವನ್ನೂ ಇಷ್ಟು ಕಷ್ಟಪಟ್ಟು ಮಾಡಿಲ್ಲ. ಸಿಟ್ಟು ಬರುವ ಮೊದಲು ಆ ಮುಖಗಳಲ್ಲಿ ಒಂದು ಕ್ಷಣ ನಾಚಿಕೆಯಿತ್ತು. ಕೊನೆಯ ಎಲೆ ಅಂಗೈಯಗಲದ್ದು, ಅದರ ಮೇಲೆ ಅನ್ನವಿಲ್ಲ, ಒಂದು ಸಣ್ಣ ಲೋಟ ಹಾಲು. ಕೋವಿಯಲ್ಲಿ ತೋಟಾ ಇತ್ತು. ಹಾರಿಸಲು ನನ್ನಿಂದ ಆಗಲಿಲ್ಲ. ಸತ್ತೆ.

ಮತ್ತೆ ಫೋನ್ ಮಾಡಿದೆ. "ಯಾರ ಎಲೆ ಅದು?"

"ಅಜ್ಜ, ಅಜ್ಜಿ, ದೊಡ್ಡಪ್ಪ, ಅಪ್ಪ. ಸಣ್ಣದು ತಂಗಿಯದ್ದು. ಹುಟ್ಟಿ ಮೂರು ದಿನ ಇದ್ದದ್ದು."

"ಈಗ ಬಡಿಸುವುದು ಯಾರು?"

"ಯಾರೂ ಇಲ್ಲ. ಅಮ್ಮ ದೋಹಾದಲ್ಲಿ ಅಕ್ಕನ ಜೊತೆ. ಹತ್ತನೇ ಮಹಡಿಯಲ್ಲಿ ಎಲೆ ಹಾಕಿದರೆ ಇವರಿಗೆ ದಾರಿ ಗೊತ್ತಾಗುವುದು ಹೇಗೆ ಅಂತಾಳೆ. ಅದೂ ಹೌದು. ಅಜ್ಜ ಮಂಗಳೂರು ಸಹ ನೋಡಿದವರಲ್ಲ."

ಹಂತವನ್ನು ತೆಗೆ ಎಂದು ಹೇಳಲು ಇದಾದ ಮೇಲೆ ನನಗೆ ಬಾಯಿ ಬರಲಿಲ್ಲ. ಸುಲಭದ ದಾರಿ ಹೇಳಿದೆ. "ಬಾಗಿಲ ಹತ್ತಿರ ಬಂದಾಗ ಪರದೆಯ ಮೇಲೆ ಒಂದು ಸಾಲು ಬರಲಿ. ಕೆಮ್ಮಲು ಸಿ ಒತ್ತಿ."

"ಬಸ್ಸಿನಲ್ಲಿ 'ಕೈ ತಲೆ ಹೊರಗೆ ಹಾಕಬಾರದು' ಎಂದು ಬರೆದ ಹಾಗೆ. ಅದರಿಂದ ಎಂತ ಆಯಿತು? ಒತ್ತುತ್ತಾರೆ, ಹೋಗುತ್ತಾರೆ. ಅದಕ್ಕಿಂತ ದೋಹಾ ಆಗಬಹುದು."

"ಜಂಬ ಬೇಡ. ನಿನಗೆ ಯಾರು ಹೇಳಿಕೊಟ್ಟದ್ದು ಕೆಮ್ಮಲಿಕ್ಕೆ?"

"ಯಾರೂ ಹೇಳಲಿಲ್ಲ. ಅಪ್ಪ ಕೆಮ್ಮಿದರು, ನಾನು ಪಕ್ಕದಲ್ಲಿದ್ದೆ."

"ನಿನ್ನ ಆಟದಲ್ಲಿ ಪಕ್ಕದಲ್ಲಿ ಯಾರೂ ಇಲ್ಲ."

"ಇರಬಾರದು ಮಾರಾಯ್ತಿ. ಇನ್ನೊಬ್ಬರು ಬಂದರೆ ಭಯ ಅಲ್ಲಿಗೇ ಮುಗಿಯಿತು. ಅದು ಪಿಕ್‌ನಿಕ್."

ಅವನ ಮಾತು ಸರಿಯೇ. ಇಂಥ ಆಟಗಳ ಬಲ ಇರುವುದೇ ಅಲ್ಲಿ: ಎರಡು ಕೈ, ಒಂದು ಕೋವಿ, ಬೇರೆ ಯಾರೂ ಇಲ್ಲ. ಆದರೆ ಒಬ್ಬಳೇ ನಿಂತು ಕಲಿಯಲು ಆಗದ ಸಂಗತಿಗಳೂ ಇರುತ್ತವೆ, ಅದು ಆ ಬಲದ ಕೊರತೆ. ಹೊರಗೆ ಯಾರೋ ಸ್ಕೂಟರ್ ಕಿಕ್ ಹೊಡೆಯುತ್ತಿದ್ದರು.

"ಕಾಣದಿದ್ದರೆ?" ಎಂದೆ. "ಹಿಂದಿನಿಂದ ಯಾರೋ ಕೆಮ್ಮಿದ್ದು ಕೇಳಿದರೆ ಮಾತ್ರ?"

ಅವನ ಕೀಬೋರ್ಡ್ ಟಕಟಕ ಎನ್ನತೊಡಗಿತು. ಆಮೇಲೆ, "ನಾಳೆ ಬರುತ್ತೀಯಾ? ನನ್ನ ಕೆಮ್ಮು ಆಟಗಾರನಿಗೆ ಖರ್ಚಾಗಿದೆ. ಬೇರೆಯವರದ್ದು ಬೇಕು."

ಗುರುವಾರ ಬೆಳಿಗ್ಗೆ ಕಾರ್ಕಳದ ಬಸ್ಸು ಹತ್ತಿದೆ. ಸುಕೇಶನ ಕೋಣೆ ಬಸ್ ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಅಂಗಡಿಯ ಮಾಳಿಗೆಯಲ್ಲಿತ್ತು. ಹೊರಗಿನ ಸದ್ದು ಬರಬಾರದೆಂದು ಅವನು ಹಾಸಿಗೆಯನ್ನು ಕಿಟಕಿಗೆ ಒರಗಿಸಿ, ಫ್ಯಾನ್ ನಿಲ್ಲಿಸಿ, ಬೆವರುತ್ತ ಕಾಯುತ್ತಿದ್ದ. ಮೈಕಿನ ಎದುರು ನಿಂತು ಕೆಮ್ಮಿದೆ.

"ಇದು ಟಿಬಿ."

ಮತ್ತೆ ಕೆಮ್ಮಿದೆ.

"ಇದು ಭಾಷಣಕ್ಕೆ ಮೊದಲಿನದ್ದು. ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ."

"ಹಾಗಾದರೆ ನೀನೇ ಕೆಮ್ಮು!"

"ಕೋಪದ್ದಲ್ಲ. ಬಾಗಿಲ ಹೊರಗೆ ಇದ್ದೇವೆ, ಅವಸರ ಇಲ್ಲ, ನಿಧಾನ ಆಗಲಿ. ಅಂಥದ್ದು."

ಮಧ್ಯಾಹ್ನ ಒಂದು ಗಂಟೆಗೆ, ದೂರದ ಕೋರೆಯಲ್ಲಿ ಬಂಡೆ ಸಿಡಿಸಿದರು, ನೆಲ ಸಣ್ಣಗೆ ನಡುಗಿತು. ಕೆಲಸ ನಿಲ್ಲಿಸಿ ಗೋಳಿಬಜೆ ತಿಂದೆವು. ಅವನು ನಾಲ್ಕು ವರ್ಷದಲ್ಲಿ ಕಿತ್ತುಹಾಕಿದ ಹಂತಗಳ ಬಗ್ಗೆ ಹೇಳಿದ. ನಾನು ಎರಡು ವರ್ಷದಲ್ಲಿ ಕೆಡಿಸಿದ ಆ್ಯಪ್‌ಗಳ ಬಗ್ಗೆ ಹೇಳಿದೆ. ಒಂದು ಮದುವೆ ಆ್ಯಪ್‌ನಲ್ಲಿ ವಧುವಿನ ವಯಸ್ಸು ಮುನ್ನೂರು ಎಂದು ಹಾಕಿದರೂ ಹನ್ನೆರಡು ಮಂದಿ ವರರು ಬಂದದ್ದನ್ನು ಕೇಳಿ ಅವನು ಗೋಳಿಬಜೆ ಗಂಟಲಿಗೆ ಸಿಕ್ಕಿಸಿಕೊಂಡು ನಿಜವಾಗಿ ಕೆಮ್ಮಿದ. ಅದನ್ನು ರೆಕಾರ್ಡ್ ಮಾಡೋಣವೆಂದರೆ ಇಬ್ಬರಿಗೂ ನಗು ನಿಲ್ಲಲಿಲ್ಲ. ಆ ಮೂರು ಗಂಟೆಯಲ್ಲಿ ನಾನು ಒಂದು ತಿಂಗಳಿಗಾಗುವಷ್ಟು ಮಾತಾಡಿದೆ. ಮಾತಾಡಿ ಮಾತಾಡಿ ಗಂಟಲು ಕೂತಿತು. ಹಾಗೆ ಕೂತ ಗಂಟಲಿನ ಕೆಮ್ಮೇ ಕೊನೆಗೆ ಅವನಿಗೆ ಸರಿಯೆನಿಸಿತು.

ಅವನು ಮಾಡಿದ ಬದಲಾವಣೆ ಇಷ್ಟು. ಆಟಗಾರ ಬಾಗಿಲ ಹತ್ತಿರ ಬಂದಾಗ, ಬೆನ್ನ ಹಿಂದೆ, ಸ್ವಲ್ಪ ಎಡಕ್ಕೆ, ಯಾರೋ ಕೆಮ್ಮುತ್ತಾರೆ. ತಿರುಗಿದರೆ ಯಾರೂ ಇಲ್ಲ. ಬಾಗಿಲೊಳಗೆ ಎಲೆ ಸರಿದ, ಕಾಲು ಎಳೆದ ಸದ್ದು, ಆಮೇಲೆ ಮೌನ. ಈಗ ತೆರೆದರೆ ಕೋಣೆ ಖಾಲಿ. ಹತ್ತು ಹೆಜ್ಜೆ ಮುಂದೆ ಅಂಥದೇ ಇನ್ನೊಂದು ಬಾಗಿಲು. ಅಲ್ಲಿ ಹಿಂದಿನಿಂದ ಯಾರೂ ಕೆಮ್ಮುವುದಿಲ್ಲ. ಪರದೆಯ ಮೇಲೆ ಒಂದು ಅಕ್ಷರವೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಅದು ಪುಣೆಗೆ ಹೋಯಿತು. ಆ ದಿನ ನಾನು ಯಾವ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಹೆಸರು ಕೇಳಿದಲ್ಲಿ ಹೆಸರನ್ನೇ ಕೊಟ್ಟೆ.

ಶನಿವಾರ ಹನ್ನೊಂದಕ್ಕೆ ಲಿಯೋನೆಲ್ ಫೋನ್ ಮಾಡಿದರು.

"ಅಲ್ಲಮ್ಮ, ಎಂತ ಮಾಡಿದ್ದೀರಿ ನೀವು? ನಮ್ಮ ಪುಣೆಯವರು ಹೆಡ್‌ಫೋನ್ ಕಿತ್ತು ಹಿಂದೆ ತಿರುಗಿ ನೋಡಿದರಂತೆ! ಆರರಲ್ಲಿ ನಾಲ್ಕು ಜನ ಎರಡನೇ ಬಾಗಿಲಿನಲ್ಲಿ ತಾವಾಗಿಯೇ ಕೆಮ್ಮಿದರು. ಇಬ್ಬರು ಸತ್ತರು, ಆದರೆ ಯಾಕೆ ಸತ್ತೆವು ಎಂದು ಅವರಿಗೆ ಗೊತ್ತಿತ್ತು. ಅಷ್ಟಾದರೆ ಸಾಕು ನನಗೆ."

"ಆಯಿತಾ ಸರ್ ಹಾಗಾದರೆ?"

"ಆಯಿತು. ಆಡದೆ ಬರೆದಿರಿ ಎಂದೆನಲ್ಲ ಮೊನ್ನೆ, ಅದು ನನ್ನ ತಪ್ಪು. ಕುಲೆಗಳಿಗೆ ಬಡಿಸುವುದು, ಕೆಮ್ಮುವುದು, ಎಲ್ಲ ಸುಕೇಶ ಹೇಳಿದ. ನಮ್ಮಲ್ಲಿ ಸತ್ತವರ ದಿನ ಸಿಮಿತ್ರಿಗೆ ಹೋಗಿ ಗೋರಿಯ ಮೇಲೆ ಮೊಂಬತ್ತಿ ಹಚ್ಚಿ ಬರುತ್ತೇವೆ. ಊಟಕ್ಕೆ ಕರೆಯುವುದಿಲ್ಲ. ನನಗೆ ಹೇಗೆ ಗೊತ್ತಾಗಬೇಕು ಹೇಳಿ?" ನಕ್ಕು ಮುಂದುವರಿಸಿದರು, "ಸುಕೇಶನಿಗೆ ಹೇಳಿದ್ದೇನೆ. ಒಂದನೇ ತಾರೀಖಿನಿಂದ ಪುಣೆಯಲ್ಲಿ ಇರಬೇಕು. ಎಂಟು ತಿಂಗಳು."

"ಇಲ್ಲಿಂದಲೇ ಮಾಡಲಿಕ್ಕೆ ಆಗುವುದಿಲ್ಲವಾ ಸರ್?"

"ಇಲ್ಲಮ್ಮ. ಟೀಮ್ ಅಲ್ಲಿ ಉಂಟು, ಒಂಬತ್ತು ಜನ. ಒಬ್ಬನೇ ಕೂತದ್ದು ಸಾಕು ಆ ಹುಡುಗ."

ಹೌದು ಸರ್ ಎಂದೆ.

ಅವರು ಫೋನ್ ಇಟ್ಟ ಕೂಡಲೇ ಸುಕೇಶನದ್ದು ಬಂತು. ಅವನ ಸ್ವರ ಎರಡು ಮೆಟ್ಟಿಲು ಮೇಲೆ ಹೋಗಿತ್ತು. ಬಾವನಿಗೆ ಹೇಳಿದ್ದು, ಬಾವ ಬೈದದ್ದು, ಅಮ್ಮ ಅತ್ತದ್ದು, ಒಂಬತ್ತು ಜನರಲ್ಲಿ ಪಾದಗಳನ್ನು ಮಾತ್ರ ಸರಿ ಮಾಡಲು ಒಬ್ಬನಿದ್ದಾನಂತೆ, ಇನ್ನು ಕುಲೆಗಳು ಬಂಡೆಯಲ್ಲಿ ಹೂತುಹೋಗುವುದಿಲ್ಲವಂತೆ. ನಾನು ಹೂಂ ಎನ್ನುತ್ತ ಹೋದೆ.

"ನೀನು ಎಂತ ಹೇಳುವುದೇ ಇಲ್ಲ?"

"ಸಂತೋಷ ಆಯಿತು."

"ಅದು ಗೊತ್ತುಂಟು. ಬೇರೆ?"

"ಬೇರೆ ಎಂತದೂ ಇಲ್ಲ. ಹೊರಡುವುದು ಯಾವಾಗ?"

"ಮಂಗಳವಾರ. ಹಾಂ, ನಾಲ್ಕನೇ ಹಂತದ ಸಾಲು ತಿದ್ದಿ ರಿಪೋರ್ಟ್ ಮತ್ತೆ ಕಳಿಸು. ಫೈಲಿಗೆ ಬೇಕಂತೆ. ಗುಣ, ಕೊರತೆ, ಮೊದಲಿನ ಹಾಗೆಯೇ."

ತಿದ್ದುವ ಮೊದಲು ಇನ್ನೊಮ್ಮೆ ಆಡಬೇಕು, ಅದು ನಿಯಮ. ಕಿಟಕಿಗೆ ಹೊದಿಕೆ ಕಟ್ಟಲಿಲ್ಲ. ಹಂಚಿನ ಮನೆಯೊಳಗೆ ಹೋಗಿ ಬಾಗಿಲ ಎದುರು ನಿಂತೆ. ನನ್ನ ಕೂತ ಗಂಟಲು ನನ್ನ ಎಡಕಿವಿಯ ಹಿಂದೆ ಕೆಮ್ಮಿತು. ಆಟದೊಳಗೆ ತಿರುಗಿದೆ: ಅಂಗಳ, ಆಚೆಗೆ ಕೋರೆ. ಕುರ್ಚಿಯಲ್ಲೂ ತಿರುಗಿದೆ: ಮಂಚ, ಒಣಗಲು ಹಾಕಿದ ಟವೆಲ್. ಬಾಗಿಲೊಳಗೆ ಅವರು ಎದ್ದು ಹೋಗುವ ಸದ್ದು ಮುಗಿಯುವವರೆಗೆ ಕಾದೆ.

ಗುಣದ ಕಾಲಮ್ಮಿನಲ್ಲಿ ಮೂರು ಸಾಲು ಬರೆದೆ. ಕೊರತೆಯ ಕಾಲಮ್ಮಿನಲ್ಲಿ ಒಂದು: 'ಹಿಂದಿನಿಂದ ಕೆಮ್ಮಿದವರು ಯಾರು ಎಂದು ಆಟಗಾರನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಅವರು ಮತ್ತೆ ಬರುವುದೂ ಇಲ್ಲ.'

ಕಳಿಸಿದ ಎರಡೇ ನಿಮಿಷಕ್ಕೆ ಸುಕೇಶನ ಮೆಸೇಜ್ ಬಂತು. 'ಅದು ಕೊರತೆ ಅಲ್ಲ ಮಾರಾಯ್ತಿ. ಅದೇ ಅದರ ಗುಣ. ಆಚೆ ಕಾಲಮ್ಮಿಗೆ ಹಾಕು.'

ಅವನು ಹೇಳಿದ್ದು ಸರಿಯಿತ್ತು. ಸಾಲನ್ನು ಕತ್ತರಿಸಿ ಆಚೆ ಕಾಲಮ್ಮಿನಲ್ಲಿ ಅಂಟಿಸಿದೆ, ತಾರೀಖು ಹಾಕಿದೆ, ಮತ್ತೆ ಕಳಿಸಿದೆ.